ಕಿವಿಗೆ ನಿಲುಕದ ಸದ್ದನ್ನು ಹಿಡಿಯುವುದು ಹೇಗೆ?

ಗಾಜಿನ ಬಳೆಗಳ ಕಿಣಿಕಿಣಿಯನ್ನು ಸಾಮಾನ್ಯ ಮೈಕಿನಲ್ಲಿ ರೆಕಾರ್ಡ್ ಮಾಡಿ, ನಾಲ್ಕು ಪಟ್ಟು ನಿಧಾನಗೊಳಿಸಿ ಕೇಳಿ. ಕಂಬಳಿ ಹೊದಿಸಿದಷ್ಟು ಮಂಕಾಗಿರುತ್ತದೆ. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ, ಅಂದರೆ ಸೆಕೆಂಡಿಗೆ 20 ಸಾವಿರ ಕಂಪನಗಳವರೆಗೆ. ಬಹುತೇಕ ಮೈಕುಗಳ ಅಳವೂ ಅಷ್ಟೇ. ನಿಧಾನಗೊಳಿಸಿದಾಗ ಆ 20 ಇಳಿದು 5 ಆಗುತ್ತದೆ, ಅದರ ಮೇಲೆಲ್ಲ ಖಾಲಿ. ಸಿನಿಮಾಕ್ಕೋ ನಾಟಕಕ್ಕೋ ಧ್ವನಿ ವಿನ್ಯಾಸ ಮಾಡುವವರು ಆ ಖಾಲಿಯನ್ನು ಶ್ರವಣಾತೀತ ಸದ್ದಿನಿಂದಲೇ ತುಂಬಬೇಕು.

ಮೊದಲು ಮೈಕ್ ನೋಡಿಕೊಳ್ಳಿ. ರೆಕಾರ್ಡರ್ ಮೇಲಿನ 192 ಕಿಲೋಹರ್ಟ್ಸ್ ಎಂಬುದು ಅದು ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಎಂಬ ಸ್ಯಾಂಪಲ್ ದರ. ಅದರ ಅರ್ಧ, ಅಂದರೆ 96ರವರೆಗಿನ ಸದ್ದಿಗೆ ಅದರಲ್ಲಿ ಜಾಗವಿದೆ ಎಂದಷ್ಟೇ ಅರ್ಥ. ಕೊಡ ಎಷ್ಟು ದೊಡ್ಡದಾದರೇನು, ಬಾವಿಯಲ್ಲಿ ನೀರಿರಬೇಕು. ಸೆನ್‌ಹೈಸರ್ ಎಂಕೆಎಚ್ 8040 ಮೈಕ್ 50 ಕಿಲೋಹರ್ಟ್ಸ್‌ವರೆಗೆ, ಸ್ಯಾಂಕೆನ್ ಸಿಒ-100ಕೆ 100ರವರೆಗೆ ಹಿಡಿಯುತ್ತವೆ. ಎರಡೂ ದುಬಾರಿ, ಬಾಡಿಗೆಗೆ ಸಿಕ್ಕರೆ ಒಂದು ದಿನ ಸಾಕು.

ಮೈಕಿನ ಪರೀಕ್ಷೆಗೆ ಬೀಗದ ಕೈ ಗೊಂಚಲಿಗಿಂತ ಒಳ್ಳೆಯ ಸಾಧನವಿಲ್ಲ. ಅಲ್ಲಾಡಿಸಿ ರೆಕಾರ್ಡ್ ಮಾಡಿ, ಆಡಾಸಿಟಿ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್, ಅಂದರೆ ಯಾವ ಕಂಪನದ ಸದ್ದು ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಚಿತ್ರ, ತೆರೆಯಿರಿ. 20ರ ಗೆರೆ ದಾಟಿ ಬಣ್ಣ ಮೇಲೇರಿದ್ದರೆ ಮೈಕ್ ನಿಮ್ಮ ಕೆಲಸಕ್ಕೆ ಆಗುತ್ತದೆ. ಕದಲದ ಅಡ್ಡಗೆರೆಗಳು ಕಂಡರೆ ಚಾರ್ಜರ್, ಎಲ್‌ಇಡಿ ದೀಪಗಳ ಮೇಲೆ ಅನುಮಾನಪಡಿ. ಒಂದೊಂದಾಗಿ ಆರಿಸುತ್ತ ಬನ್ನಿ, ಯಾವುದರದು ಎಂದು ತಿಳಿಯುತ್ತದೆ.

ಇನ್ನು ಬಳೆಗಳು. ಒಂದು ಡಜನ್ ಬಳೆಗಳನ್ನು ದಾರಕ್ಕೆ ಪೋಣಿಸಿ, ಮೈಕಿನಿಂದ ಒಂದು ಗೇಣು ದೂರದಲ್ಲಿ ಸ್ಟೀಲ್ ತಟ್ಟೆಯ ಮೇಲೆ ಮೆಲ್ಲಗೆ ಇಳಿಬಿಡಿ. ಅದಕ್ಕಿಂತ ದೂರ ಹೋಗಬೇಡಿ. ಇಷ್ಟು ಸಣ್ಣ ಅಲೆಗಳನ್ನು ಗಾಳಿಯೇ ಬೇಗ ಹೀರಿಬಿಡುತ್ತದೆ. ಬಳೆ ತಾಗಿದ ಕ್ಷಣದ ಪೆಟ್ಟು ಜೋರಾಗಿರುವುದರಿಂದ ರೆಕಾರ್ಡರ್‌ನ ಮಾಪಕದಲ್ಲಿ ಮಟ್ಟ ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ.

ನಿಧಾನಗೊಳಿಸುವಾಗ ಅನೇಕರು ಎಡವುತ್ತಾರೆ. ಶ್ರುತಿ ಉಳಿಸಿಕೊಂಡು ಕಾಲ ಮಾತ್ರ ಹಿಗ್ಗಿಸುವ ಸೌಲಭ್ಯ ಇಲ್ಲಿ ಬೇಡವೇ ಬೇಡ. ಆಡಾಸಿಟಿಯಲ್ಲಿ ಟ್ರ್ಯಾಕ್‌ನ ಮೆನುವಿನಲ್ಲಿ ಸ್ಯಾಂಪಲ್ ದರವನ್ನು 192000ದಿಂದ 48000ಕ್ಕೆ ಬದಲಿಸಿ. ಶ್ರುತಿ ಎರಡು ಸ್ಥಾಯಿ ಇಳಿದು, 40 ಕಿಲೋಹರ್ಟ್ಸ್‌ನಲ್ಲಿದ್ದದ್ದು 10ಕ್ಕೆ ಬಂದು ಕಿವಿಗೆ ಸಿಗುತ್ತದೆ. ಒಂದೇ ಕಿಣಿ ಎಂದುಕೊಂಡಿದ್ದು ಹತ್ತಾರು ತಾಗುವಿಕೆಗಳಾಗಿ ಬಿಡಿಬಿಡಿಯಾಗಿ ಬಿಚ್ಚಿಕೊಳ್ಳುತ್ತದೆ. ಪ್ರತಿಯೊಂದಕ್ಕೂ ಅದರದೇ ಹೊಳಪು, ಅದರದೇ ಬಾಲ. ಮೊದಲ ಸಲ ಕೇಳಿದಾಗ ನಾನು ಹೆಡ್‌ಫೋನ್ ತೆಗೆಯಲೇ ಇಲ್ಲ.

ಒಂದು ಎಚ್ಚರ. ಫ್ಯಾನಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯೂ ಇಳಿದು 12.5 ಆಗುತ್ತದೆ. ಕೇಳಿಸದಿದ್ದರೂ ಸ್ಪೀಕರಿನ ಹಾಳೆಯನ್ನು ಅಲುಗಾಡಿಸುತ್ತದೆ. 30 ಹರ್ಟ್ಸ್‌ಗಿಂತ ಕೆಳಗಿರುವುದನ್ನು ಫಿಲ್ಟರ್ ಹಾಕಿ ತೆಗೆದು, ಆಮೇಲೆ ಫೈಲ್ ಉಳಿಸಿ.