ಕಾರಿನ ಪೆಟ್ರೋಲ್ ವಾಸನೆ ಹಿಡಿದುಕೊಟ್ಟದ್ದು ಅವ್ವನ ಹಳೇ ಬಿಪಿ ಮಷೀನ್

ಕಾರಿನೊಳಗೆ ಪೆಟ್ರೋಲ್ ವಾಸನೆ ಅಂತ ನಾನು ಒದ್ದಾಡಿದ್ದು ಹೆಚ್ಚು ಕಡಿಮೆ ಹದಿನಾಲ್ಕು ತಿಂಗಳು. ಮೂರು ಗ್ಯಾರೇಜ್ ಸುತ್ತಿದೆ, ಹನ್ನೊಂದು ಸಾವಿರದ ಹತ್ತಿರ ಹಣ ಹೋಯಿತು. ಕೊನೆಗೆ ಸಿಕ್ಕಿದ್ದು ಗೇಣುದ್ದದ ಒಂದು ರಬ್ಬರ್ ಪೈಪ್. ಹಿಡಿದವನು ನಾನೇ. ಆಗಲ್ಲ ಅಂದವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 2009ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 35 ಲೀಟರ್ ಟ್ಯಾಂಕ್. ನಾನಿರುವುದು ಪುಣೆಯ ನಿಗಡಿಯಲ್ಲಿ, ಊರು ಹುಬ್ಬಳ್ಳಿ. ಟ್ಯಾಂಕ್ ಫುಲ್ ಮಾಡಿಸಿ ಊರಿಗೆ ಹೊರಟರೆ, ಸಾತಾರಾಕ್ಕಿಂತ ಮೊದಲು ಸಿಗುವ ಖಂಬಾಟಕಿ ಘಾಟ್ ಏರುವಾಗ ವಾಸನೆ ಗಪ್ಪಂತ ಮೂಗಿಗೆ ಹೊಡೆಯುತ್ತಿತ್ತು. ಅವ್ವ ಸೆರಗು ಮೂಗಿಗೆ ಹಿಡಿದು, "ಗಾಡಿ ನಿಲ್ಲಸೋ, ತಡಕೊಳ್ಳಾಕ ಆಗವಲ್ದು" ಅನ್ನುತ್ತಿದ್ದಳು. ಎರಡು ಸಲ ವಾಂತಿಯೂ ಆಯಿತು. ವಾಪಸ್ ಬರುವಾಗ ಮಾತ್ರ ಏನೂ ಇಲ್ಲ. ಇದೇ ಎಲ್ಲರನ್ನೂ ದಾರಿ ತಪ್ಪಿಸಿತು.

ಮೊದಲ ಗ್ಯಾರೇಜಿನವರು ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಓ-ರಿಂಗ್ (ರಬ್ಬರ್ ಬಳೆ) ಅಂದರು. 900 ರೂಪಾಯಿ. ಎರಡನೆಯವರು ಟ್ಯಾಂಕ್ ಕ್ಯಾಪ್, ಆಮೇಲೆ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್, ಆಮೇಲೆ ಆ ಆವಿ ಹಿಡಿದಿಡುವ ಇದ್ದಿಲಿನ ಡಬ್ಬಿ, ಅಂದರೆ ಚಾರ್ಕೋಲ್ ಕ್ಯಾನಿಸ್ಟರ್ ಹಾಕಿದರು. ಎಲ್ಲ ಸೇರಿ ಆರು ಸಾವಿರದ ಮೇಲೆ. ಕ್ಯಾನಿಸ್ಟರ್ ಹಾಳಾಗಿದ್ದಂತೂ ನಿಜ. ಬಂಕಿನಲ್ಲಿ ನಾಝಲ್ ತಾನೇ ಕಟ್ ಆದ ಮೇಲೂ ರೌಂಡ್ ಫಿಗರ್‌ಗೆ ಅಂತ ತುಂಬಿಸುತ್ತಿದ್ದೆ, ಒಳಗಿನ ಇದ್ದಿಲು ಪೆಟ್ರೋಲಿನಲ್ಲಿ ನೆಂದುಹೋಗಿತ್ತು. ಆ ಅಭ್ಯಾಸ ಬಿಟ್ಟೆ. ವಾಸನೆ ಬಿಡಲಿಲ್ಲ.

ಆಮೇಲೆ ನಾನೇ ಹಿಂದಿನ ಸೀಟು ಎತ್ತಿ ಟ್ಯಾಂಕಿನ ಪೆಟ್ರೋಲ್ ಪಂಪ್ ಬಿಚ್ಚಿದೆ. ಪಂಪ್ ಕೆಳಗಿನ ಸೀಲ್ ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಹೊಸದು ಸಿಗುವ ತನಕ ಇರಲಿ ಅಂತ ಸಿಲಿಕಾನ್ ಗಮ್ ಬಳಿದೆ. ದೊಡ್ಡ ತಪ್ಪು. ತಿಂಗಳು ಬಿಟ್ಟು ತೆಗೆದರೆ ಗಮ್ ನೆನೆಸಿದ ಅವಲಕ್ಕಿ ಹಾಗೆ ಉಬ್ಬಿ, ಉಗುರಿಗೆ ಕಿತ್ತು ಬರುತ್ತಿತ್ತು. ಸಿಲಿಕಾನ್ ಪೆಟ್ರೋಲಿಗೆ ನಿಲ್ಲುವುದಿಲ್ಲ, ಯಾರೂ ಈ ಉಸಾಬರಿಗೆ ಹೋಗಬೇಡಿ. ಗಾಡಿ ಬಿಡಿಭಾಗ ಸಿಗುವ ಪುಣೆಯ ನಾನಾ ಪೇಠದಲ್ಲಿ ಅಲೆದು ಸರಿಯಾದ ಸೀಲ್ ತಂದು ಹಾಕಿದೆ. ವಾಸನೆ ಅರ್ಧ ಕಡಿಮೆಯಾಯಿತು. ಇನ್ನರ್ಧ ಹಾಗೇ ಉಳಿಯಿತು. "ಸಾಹೇಬ್ರ, ಇನ್ನ ನಿಮ್ಮ ಮೂಗಿನಾಗ ಐತಿ ವಾಸನಿ" ಅಂದರು ಮೂರನೇ ಗ್ಯಾರೇಜಿನ ಮೇಸ್ತ್ರಿ, ನಮ್ಮ ವಿಜಯಪುರದವರೇ. ನನಗೆ ಬೇಜಾರಾಯಿತು. ಅವ್ವನ ವಾಂತಿ ಮೂಗಿನ ಭ್ರಮೆಯಲ್ಲ ಅಲ್ವಾ?

ಒಂದು ರಾತ್ರಿ ಕೂತು ಯೋಚನೆ ಮಾಡಿದೆ. ಫುಲ್ ಟ್ಯಾಂಕ್ ಇದ್ದಾಗ ಮಾತ್ರ, ಏರಿನಲ್ಲಿ ಮಾತ್ರ. ಹೋಗುವಾಗ ಘಾಟ್ ಹತ್ತುತ್ತೇವೆ, ಬರುವಾಗ ಸುರಂಗ. ಅಷ್ಟೊತ್ತಿಗೆ ಟ್ಯಾಂಕ್ ತಳವನ್ನೂ ಕಂಡಿರುತ್ತದೆ. ಮುಂದಿನ ಗ್ಲಾಸ್ ಎರಡು ಬೆರಳು ಇಳಿಸಿದರೆ ವಾಸನೆ ಜಾಸ್ತಿಯಾಗುತ್ತಿತ್ತು. ಅಂದರೆ ಸೋರುವ ಜಾಗ ಹಿಂದೆ, ಟ್ಯಾಂಕಿನ ಮೇಲ್ಮಟ್ಟದಲ್ಲಿ, ಗಾಡಿಯ ಹೊರಗಡೆ ಇದೆ. ಗ್ಲಾಸ್ ಇಳಿಸಿದಾಗ ಹಿಂದಿನ ಬಂಪರ್ ಒಳಗಿರುವ ಗಾಳಿಯ ಫ್ಲ್ಯಾಪ್‌ಗಳಿಂದ ಒಳಗೆ ಎಳೆಯುತ್ತಿದೆ.

ಟ್ಯಾಂಕಿಗೆ ಸ್ವಲ್ಪವೇ ಸ್ವಲ್ಪ ಗಾಳಿ ತುಂಬಿ ನೋಡಬೇಕಿತ್ತು. ಕಂಪ್ರೆಸರ್ ಹಾಕಿದರೆ ಟ್ಯಾಂಕೇ ಉಬ್ಬೀತು. ಆಗ ಕಪಾಟಿನಲ್ಲಿದ್ದ ಅವ್ವನ ಹಳೇ ಬಿಪಿ ಮಷೀನ್ ನೆನಪಾಯಿತು. ಕೈಗೆ ಕಟ್ಟುವ ಪಟ್ಟಿ ಬಿಚ್ಚಿದರೆ ಬಲ್ಬೂ ಇದೆ, ಮುಳ್ಳಿನ ಮೀಟರೂ ಇದೆ. ಮೇಸ್ತ್ರಿಗೆ ಹೇಳಿದೆ, ತಲೆ ಅಲ್ಲಾಡಿಸಿ ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಆರಕ್ಕೆ, ತಂಪು ಹೊತ್ತಿನಲ್ಲಿ, ಬಯಲಲ್ಲಿ ಗಾಡಿ ನಿಲ್ಲಿಸಿದೆ. ಬ್ಯಾಟರಿ ಮೈನಸ್ ಬಿಚ್ಚಿದೆ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟೆ. ಟ್ಯಾಂಕ್ ಅರ್ಧ ಇತ್ತು. ಕ್ಯಾನಿಸ್ಟರ್ ಹತ್ತಿರ ಟ್ಯಾಂಕ್ ಕಡೆಯಿಂದ ಆವಿ ಬರುವ ವೇಪರ್ ಪೈಪ್ ಬಿಚ್ಚಿ ಅಲ್ಲಿಗೆ ಬಿಪಿ ಟ್ಯೂಬ್ ಜೋಡಿಸಿದೆ. ಎರಡರ ಸೈಜ್ ಕೂಡುವುದಿಲ್ಲ. ನಡುವೆ ನಾನು ಏನು ಹಾಕಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹದಿನೈದು-ಇಪ್ಪತ್ತು ಸಲ ಒತ್ತಿದ್ದಕ್ಕೆ ಮುಳ್ಳು 25ಕ್ಕೆ ಬಂತು. ಟೈರಿಗೆ ಗಾಳಿ ಹಾಕಿಸುವ ಲೆಕ್ಕದಲ್ಲಿ ಸುಮಾರು ಅರ್ಧ ಪಿಎಸ್‌ಐ, ಅದರ ಮೇಲೆ ಹೋಗಲೇಬೇಡಿ. ಒಂದೇ ನಿಮಿಷದಲ್ಲಿ ಮುಳ್ಳು ಹತ್ತಕ್ಕಿಂತ ಕೆಳಗಿಳಿಯಿತು. ನನ್ನ ಮೂಗು ಸರಿಯಾಗಿಯೇ ಇತ್ತು!

ಶಾಂಪೂ ನೀರು ಪಂಪ್ ಸೀಲ್ ಸುತ್ತ ಬಿಟ್ಟೆ. ಗುಳ್ಳೆ ಇಲ್ಲ. ಕ್ಯಾಪ್ ಹತ್ತಿರವೂ ಇಲ್ಲ. ಹಿಂದಿನ ಚಕ್ರ ಬಿಚ್ಚಿ, ಮೇಲಿನ ಪ್ಲಾಸ್ಟಿಕ್ ಮರೆ ತೆಗೆದು, ಪೆಟ್ರೋಲ್ ಹಾಕುವ ಕೊಳವೆ ಪಕ್ಕದಲ್ಲಿ, ತುಂಬುವಾಗ ಟ್ಯಾಂಕಿನ ಗಾಳಿ ಹೊರಬರುವ ಬ್ರೀದರ್ ಪೈಪಿಗೆ ಬ್ರಷ್‌ನಲ್ಲಿ ಸವರಿದೆ. ಕ್ಲಿಪ್ ಅಂಚಿನಲ್ಲಿ ರಾಗಿ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದವು, ಒಡೆದವು, ಮತ್ತೆ ಎದ್ದವು. ಪೈಪ್ ಬಗ್ಗಿಸಿದರೆ ಮೇಲ್ಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಸೀಳು ಬಾಯಿ ಬಿಟ್ಟಿತು. ಸುಮ್ನೆ ನೋಡಿದರೆ ಯಾರಿಗೂ ಸಿಗುವಂಥದ್ದಲ್ಲ.

ಹೊಸ ಪೈಪ್ ಮತ್ತು ಎರಡು ಕ್ಲಿಪ್ ಸೇರಿ 640 ರೂಪಾಯಿ. ಒಳಪದರ ವಿಟಾನ್ (ಪೆಟ್ರೋಲಿಗೆ ತಡೆಯುವ ರಬ್ಬರ್) ಇರುವುದನ್ನೇ ಕೇಳಿ ತಂದೆ. ಅಂಗಡಿಯವನು ಮೊದಲು ಕೊಟ್ಟ ಸಾದಾ ರಬ್ಬರಿನ ಮೇಲೆ ನನಗೆ ನಂಬಿಕೆ ಬರಲಿಲ್ಲ. ಅದರ ಒಂದು ತುಂಡು, ವಿಟಾನ್ ತುಂಡು ಎರಡನ್ನೂ ಗಾಜಿನ ಬಾಟಲಿಯಲ್ಲಿ ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿ ಇಪ್ಪತ್ತು ದಿನ ಗ್ಯಾಲರಿಯ ನೆರಳಲ್ಲಿ ಇಟ್ಟೆ. ಸಾದಾ ತುಂಡು ದಪ್ಪಗಾಗಿ, ಹಿಂಡಿದರೆ ಬೆರಳಿಗೆ ಮೆತ್ತುತ್ತಿತ್ತು. ವಿಟಾನ್ ಹಾಕಿದ ಹಾಗೇ ಇತ್ತು. ಇ20 ಬಂದದ್ದು 2023ರಲ್ಲಿ. ಅದಕ್ಕೂ ಹಳೆಯ ಗಾಡಿ ಇಟ್ಟುಕೊಂಡವರು ಟ್ಯಾಂಕಿನ ಸುತ್ತಲಿನ ರಬ್ಬರ್ ಒಮ್ಮೆ ಮುಟ್ಟಿ ನೋಡಿ.

ಪೈಪ್ ಹಾಕಿದ ಮೇಲೂ ವಾರ ಪೂರ್ತಿ ಸಣ್ಣಗೆ ವಾಸನೆ ಇತ್ತು. ಅದು ಕಾರ್ಪೆಟ್ ಕೆಳಗಿನ ಫೆಲ್ಟಿನದು. ಸೀಟು, ಫೆಲ್ಟ್ ಎರಡನ್ನೂ ಟೆರೇಸಿನಲ್ಲಿ ಎರಡು ದಿನ ಬಿಸಿಲಿಗೆ ಹಾಕಿದೆ, ಹೋಯಿತು. ಕಾಫಿ ಪುಡಿ ಇಡುವ ಉಪಾಯವನ್ನೂ ನೋಡಿದ್ದೆ. ಕಾಫಿ ಮತ್ತು ಪೆಟ್ರೋಲ್ ಸೇರಿ ಇನ್ನೂ ಕೆಟ್ಟ ವಾಸನೆ.

ಹೋದ ತಿಂಗಳು ಟ್ಯಾಂಕ್ ಫುಲ್ ಮಾಡಿಸಿ ಹೊರಟೆವು. ಖಂಬಾಟಕಿ ಹತ್ತಿ ಇಳಿದರೂ ಅವ್ವ ಎಚ್ಚರವಾಗಲಿಲ್ಲ, ಸಾತಾರಾದಲ್ಲಿ ಚಹಾಕ್ಕೆ ನಾನೇ ಎಬ್ಬಿಸಿದೆ. ಮೇಸ್ತ್ರಿ ಈಗ ಬಿಪಿ ಮಷೀನ್ ಕೇಳುತ್ತಿದ್ದಾರೆ. ಇನ್ನೂ ಕೊಟ್ಟಿಲ್ಲ, ನನಗೆ ಕೆಲಸ ಇದೆ. ಮುಳ್ಳು ಐದು ನಿಮಿಷಕ್ಕೆ 25ರಿಂದ 23ಕ್ಕೆ ಇಳಿಯುತ್ತಿದೆ. ವಾಸನೆ ಇಲ್ಲ, ನಿಜ. ಆದರೂ ಆ ಎರಡು ಅಂಕ ಎಲ್ಲಿಂದ ಹೋಗುತ್ತಿದೆ ಅಂತ ಬರುವ ಭಾನುವಾರ ನೋಡಬೇಕು.