41 ದಿನ, ಒಂದು ಜಾಲರಿ ಬಾಗಿಲು, ಎರಡು ಬೆಕ್ಕು

"ಇವೆರಡೂ ಈ ಜನ್ಮದಲ್ಲಿ ಕೂಡಲ್ಲ, ಒಂದನ್ನು ವಾಪಸ್ ಕೊಟ್ಟುಬಿಡಿ" ಎಂದವರೇ ಎಲ್ಲ. ಇವತ್ತು ಬೆಳಗ್ಗೆ ಎರಡೂ ಒಂದೇ ಚಾಪೆ ಮೇಲೆ ಬಿದ್ದುಕೊಂಡಿದ್ದವು, ಕೆಂಚನ ಬಾಲ ಸುಬ್ಬಿಯ ಮುಖದ ಮೇಲೆ. ಫೋಟೋ ತೆಗೆದು ಅವರಿಗೆಲ್ಲ ಕಳಿಸಿದೆ.

ಸುಬ್ಬಿ ಬೆಂಗಳೂರಿನ ಹನುಮಂತನಗರದ ನಮ್ಮ ಬೀದಿಯಲ್ಲೇ ಸಿಕ್ಕವಳು. ಮೂರು ಬಣ್ಣ ಅಂದ ಮೇಲೆ ಹೆಚ್ಚುಕಡಿಮೆ ಹೆಣ್ಣೇ, ಗೊತ್ತಲ್ಲ. ತಲೆ ಮೂರು ಸಲ ಸವರಬಹುದು, ನಾಲ್ಕನೆಯದಕ್ಕೆ ಉಗುರು. ಕೆಂಚ ಹೋದ ವರ್ಷ ದತ್ತು ಬಂದ ಕೇಸರಿ ಗಂಡು. ಸಿಲಿಂಡರ್ ತರುವ ಹುಡುಗನ ಕಾಲಿಗೂ ಸುತ್ತಿಕೊಳ್ಳುತ್ತಾನೆ, ಮಾನ ಮರ್ಯಾದೆ ಇಲ್ಲ.

ಮೊದಲ ದಿನವೇ ಹಾಲ್‌ನಲ್ಲಿ ಇಬ್ಬರನ್ನೂ ಎದುರುಬದುರು ಬಿಟ್ಟಿದ್ದು ನನ್ನ ದಡ್ಡತನ. ಕಣ್ಣು ಮಿಟುಕಿಸುವಷ್ಟರಲ್ಲಿ ಸುಬ್ಬಿ ಫ್ರಿಜ್ ಮೇಲೆ, ಕೆಂಚ ಉಚ್ಚೆ ಹೊಯ್ದುಕೊಂಡು ಸೋಫಾ ಕೆಳಗೆ, ನನ್ನ ಮೊಣಕೈಯಿಂದ ರಕ್ತ. ಆ ಗೀರಿಗೆ ನಾನೇ ರೇಬಿಸ್ ಇಂಜೆಕ್ಷನ್ ತೆಗೆದುಕೊಂಡೆ. ಆಮೇಲೆ ಪ್ಲಗ್‌ಗೆ ಸಿಕ್ಕಿಸುವ ಡಿಫ್ಯೂಸರ್ ತಂದೆ, ಅದು ಬಿಡುವ ವಾಸನೆಗೆ ಬೆಕ್ಕು ಶಾಂತವಾಗುತ್ತದಂತೆ. ರೀಫಿಲ್ ಸೇರಿ 6,000ದ ಹತ್ತಿರ ಹೋಯಿತು. ಶಾಂತವಾಗಿದ್ದು ನನ್ನ ಪರ್ಸ್ ಒಂದೇ. ಬೆಕ್ಕಿನ ಕಕ್ಕಸಿಗೆ ಇಡುವ ಲಿಟರ್ ಟ್ರೇ ಒಂದೇ ಸಾಕು ಎಂದು ಜಿಪುಣತನ ಮಾಡಿದ್ದಕ್ಕೆ ಸುಬ್ಬಿ 25 ಕೆಜಿ ಸೋನಾ ಮಸೂರಿ ಚೀಲದ ಮೇಲೆ ಹೋಗಿ ಕೂತಳು. ಪೂರ್ತಿ ಚೀಲ ಹೋಯಿತು. ಮಾರನೆಯ ದಿನವೇ ಮೂರು ಟ್ರೇ.

ಕೆಲಸ ಮಾಡಿದ್ದು ಜಾಲರಿ. ಮೊದಲ ಹತ್ತು ದಿನ ಕೆಂಚ ರೂಮಿನಲ್ಲಿ, ಬಾಗಿಲು ಮುಚ್ಚಿ. ವಾಸನೆ ಪರಿಚಯವಾಗಲಿ ಅಂತ ಅವನು ಮಲಗಿದ ಟವೆಲ್ ಸುಬ್ಬಿಗೆ, ಇವಳದ್ದು ಅವನಿಗೆ. ಆಮೇಲೆ ಬಡಗಿಗೆ ಹೇಳಿ ಬಾಗಿಲ ಜಾಗಕ್ಕೆ ಜಾಲರಿ ಚೌಕಟ್ಟು ಮಾಡಿಸಿದೆ. 2,800 ಕೇಳಿದ, 2,500ಕ್ಕೆ ಒಪ್ಪಿದ. ಜಾಲರಿಯ ಆಚೆ ಈಚೆ ಆರಾರು ಅಡಿ ದೂರದಲ್ಲಿ ಬಟ್ಟಲು. ಎರಡು ದಿನಕ್ಕೊಮ್ಮೆ ಒಂದು ಗೇಣು ಹತ್ತಿರ. ಯಾರಾದರೂ ತಿನ್ನುವುದು ಬಿಟ್ಟು ದಿಟ್ಟಿಸಿದರೆ ಮರುದಿನ ಎರಡು ಗೇಣು ಹಿಂದೆ. ಇಲ್ಲಿ ಆತುರ ಪಟ್ಟರೆ ಕೆಟ್ಟಿರಿ. ಆ ಹೊತ್ತಿಗೆ ಮಾತ್ರ ಬಂಗುಡೆ, ಉಪ್ಪಿಲ್ಲದೆ ಬೇಯಿಸಿ ಮುಳ್ಳು ಬಿಡಿಸಿದ್ದು. ಭಾನುವಾರ ರಸೆಲ್ ಮಾರ್ಕೆಟ್‌ನಿಂದ ತಂದು ವಾರಕ್ಕಾಗುವಷ್ಟು ಫ್ರೀಜರ್‌ಗೆ. ಮೇಲೆ ಚಿಟಿಕೆ ಪುಡಿ ಉದುರಿಸುತ್ತೇನೆ, ಅದು ಯಾವುದು ಅಂತ ಹೇಳಲ್ಲ. ಈರುಳ್ಳಿ ಬೆಳ್ಳುಳ್ಳಿ ಅಂತೂ ಅಲ್ಲ, ಅವು ಬೆಕ್ಕಿಗೆ ವಿಷ.

ಇಪ್ಪತ್ತೈದನೆಯ ದಿನವೋ ಏನೋ, ಬಾಲ್ಕನಿ ಗೋಡೆ ಮೇಲೆ ಬೀದಿಯ ಗಂಡು ಬೆಕ್ಕೊಂದು ಬಂದು ಕೂತಿತು. ಪಾರಿವಾಳದ ನೆಟ್ ಇದ್ದಿದ್ದರಿಂದ ಸುಬ್ಬಿಗೆ ಅವನು ಸಿಗಲಿಲ್ಲ. ಆ ಸಿಟ್ಟೆಲ್ಲ ಕೆಂಚನ ಮೇಲೆ. ಜಾಲರಿಗೆ ಹಾರಿ ನೇತಾಡಿದಳು. ಒಂದು ವಾರದ ದುಡಿಮೆ ನೀರಲ್ಲಿ ಹೋಮ. ನೆಟ್‌ನ ಕೆಳಭಾಗಕ್ಕೆ ಹಳೇ ಸೀರೆ ಕಟ್ಟಿದ ಮೇಲೆ ಸರಿಹೋಯಿತು.

ಈ ಮಧ್ಯೆ ಇನ್ನೊಂದು ಹುಚ್ಚು. 300 ರೂಪಾಯಿ ಕೊಟ್ಟು ತಂದ ಕ್ಯಾಟ್‌ನಿಪ್ ಅನ್ನು, ಅಂದರೆ ಬೆಕ್ಕಿಗೆ ಮತ್ತೇರಿಸುವ ಸೊಪ್ಪನ್ನು, ಸುಬ್ಬಿ ಮೂಸಿಯೂ ನೋಡಲಿಲ್ಲ. ಅಮ್ಮ ಊರಿಂದ ಫೋನ್‌ನಲ್ಲಿ, "ಕೊತ್ತಿಗೆ ಕುಪ್ಪಿ ಗಿಡದ ಬೇರು ತೋರ್ಸೋ, ಸುಮ್ನೆ ದುಡ್ಡು ದಂಡ ಮಾಡ್ಬೇಡ" ಅಂದರು. ಪಕ್ಕದ ಖಾಲಿ ಸೈಟಿನಿಂದ ಕಿತ್ತು, ಮಣ್ಣು ತೊಳೆದು ಇಟ್ಟೆ. ನಮ್ಮ ಗಂಭೀರ ಸುಬ್ಬಿ ಜೊಲ್ಲು ಸುರಿಸಿಕೊಂಡು ಹತ್ತು ನಿಮಿಷ ಹೊರಳಾಡಿದಳು! ಕೆಂಚನಿಗೆ ಏನೂ ಆಗಲಿಲ್ಲ, ಬೇರು ಸುತ್ತಿದ್ದ ಪೇಪರ್ ಹರಿಯುತ್ತಾ ಕೂತ. ಮೂಸಲು ಬಿಟ್ಟು ಬೇರು ತೆಗೆದಿಟ್ಟುಬಿಡುತ್ತೇನೆ, ತಿನ್ನಲು ಕೊಡಲ್ಲ.

41ನೆಯ ದಿನ, ಇಬ್ಬರಿಗೂ ಹೊಟ್ಟೆ ತುಂಬಿದ ಮೇಲೆ ಜಾಲರಿ ತೆಗೆದೆ. ಸುಬ್ಬಿ ಒಳಗೆ ಹೋಗಿ ಕೆಂಚನ ತಲೆಗೆ ಒಂದೇ ಒಂದು ಏಟು ಕೊಟ್ಟಳು. ಉಗುರು ಒಳಗೇ ಇತ್ತು. ಅವನು ಅಂಗಾತ ಮಲಗಿದ. ಇವಳು ಅವನ ಬಟ್ಟಲಲ್ಲಿ ನೀರು ಕುಡಿದು ಹೊರಗೆ ಬಂದಳು.

ಅಕ್ಕಿ ಸೇರಿಸಿ 14,000 ಆಗಿರಬಹುದು, ಮರಿಯಾಗದಂತೆ ಮಾಡಿಸುವ ಆಪರೇಷನ್ ಖರ್ಚು ಬೇರೆ. ಜಾಲರಿ ಈಗ ಬೀರು ಹಿಂದೆ ಇದೆ. ಎರಡು ಮನೆಯವರು ಕೇಳಿದ್ದಾರೆ. ಕೊಡುತ್ತೇನೆ, 500 ಅಡ್ವಾನ್ಸ್ ಇಟ್ಟು ತೆಗೆದುಕೊಂಡು ಹೋಗಲಿ.