ಮುಂಬೈ ನೋಡೋಕೆ ಎಷ್ಟು ದಿನ ಬೇಕು?

ಒಂದೇ ದಿನದಲ್ಲಿ ಮುಂಬೈ ಮುಗಿಸುವ ಪ್ಲಾನ್ ದಯವಿಟ್ಟು ಬೇಡ. ಅರ್ಧ ದಿನ ಓಡಾಟದಲ್ಲೇ ಹೋಗುತ್ತದೆ. ನನ್ನ ಪ್ರಕಾರ ಮೂರು ದಿನ ಬೇಕೇ ಬೇಕು.

ಮೊದಲ ದಿನ ದಕ್ಷಿಣ ಮುಂಬೈ ಮಾತ್ರ: ಗೇಟ್‌ವೇ ಆಫ್ ಇಂಡಿಯಾ, ಹತ್ತಿರದ ಮ್ಯೂಸಿಯಂ, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲ್ವೆ ಸ್ಟೇಷನ್, ಸಂಜೆ ಮರೀನ್ ಡ್ರೈವ್.

ಎಲಿಫೆಂಟಾ ದ್ವೀಪದ ಗುಹೆಗಳಿಗೆ ಬೇರೆ ದಿನವೇ ಇಡಿ. ಗೇಟ್‌ವೇಯಿಂದ ದೋಣಿಯಲ್ಲಿ ಹೋಗೋಕೇ ಸುಮಾರು ಒಂದು ಗಂಟೆ, ಆಮೇಲೆ ಮೆಟ್ಟಿಲು ಬೇರೆ. ಸುಮಾರು 20 ಅಡಿ ಎತ್ತರದ ಮೂರು ಮುಖದ ಶಿವನ ಮುಂದೆ ಸುಮ್ನೆ ನಿಲ್ಲೋಕಾದರೂ ಸಮಯ ಬೇಕು, ಅಲ್ವಾ? ಸೋಮವಾರ ಗುಹೆ ಮುಚ್ಚಿರುತ್ತದೆ. ಜೋರು ಮಳೆಗಾಲದಲ್ಲಿ ದೋಣಿ ನಂಬುವ ಹಾಗಿಲ್ಲ.

ಮೂರನೇ ದಿನ ಬೊರಿವಲಿ ಕಡೆಯ ಕಾನ್ಹೇರಿ ಗುಹೆಗಳು. ಎರಡೇ ದಿನ ಇದ್ದರೆ ಇದನ್ನು ಬಿಡಿ, ಎಲಿಫೆಂಟಾ ಬಿಡಬೇಡಿ. ಮಕ್ಕಳಿದ್ದರೆ ಬೆಳಗಿನ ಆಫೀಸ್ ಹೊತ್ತಲ್ಲಿ ಲೋಕಲ್ ಟ್ರೈನ್ ಹತ್ತಬೇಡಿ, ಹನ್ನೊಂದರ ಮೇಲೆ ಹೊರಡಿ.